ಸಾಲಕ್ಕಿಂತ ಸಣ್ಣದಾದ ಮನೆ

ಒಳಗಿನ ಎರಡು ಕೋಣೆಗಳಿಗೆ ಇನ್ನೂ ನೆಲವೇ ಆಗಿಲ್ಲ ಎಂದು ಬ್ಯಾಂಕಿನ ಎಂಜಿನಿಯರರಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ. ಹಾಗೆ ಮುಚ್ಚಿಟ್ಟದ್ದನ್ನು ಆಮೇಲೆ ಅಕ್ಕನಿಗೂ ಹೇಳಲಿಲ್ಲ. ಬೈಗುಳವೆಲ್ಲ ಅವಳ ಗಂಡನ ಮೇಲೆ ಬೀಳುತ್ತಿದ್ದಾಗ ಪಕ್ಕದಲ್ಲೇ ಕೂತು ಚಹಾ ಕುಡಿದೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬ್ಯಾಂಕಿನ ವ್ಯವಹಾರವನ್ನು ಎಲ್ಲಾದರೂ ತಪ್ಪಾಗಿ ಬರೆದಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು. ನನಗೆ ಅದು ಆಗಲೂ ಪೂರ್ತಿ ತಿಳಿದಿರಲಿಲ್ಲ, ಈಗಲೂ ತಿಳಿದಿದೆ ಎನ್ನಲಾರೆ.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಮಣಿಕೊಂಡದಲ್ಲಿ ಬಂಡೆ ಒಡೆದು ಜಾಗ ಮಾಡಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದರು. ಅಂಥ ಒಂದು ಕಟ್ಟಡದಲ್ಲಿ ನಾನು ಟೈಲ್ಸ್ ಮೇಸ್ತ್ರಿ. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಅಕ್ಕ ಒಂದು ಫ್ಲ್ಯಾಟು ಕೊಂಡಳು. ಕೊಳ್ಳಲು ಹೇಳಿದವನೂ ನಾನೇ. ಈ ತಿಂಗಳ ದರ ಮುಂದಿನ ತಿಂಗಳು ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳಿದೆ.

ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಮಾಮಾ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅಕ್ಕ ಮೆಹದಿಪಟ್ಟಣಂನ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ನಮ್ಮ ಕಡೆಯ ಹುಡುಗರು ಸೇರಿ ಇರುವ ರೂಮುಗಳಿಗೆ ಕೊಡುತ್ತಿದ್ದಳು. ಸಾಲ ಇಬ್ಬರ ಹೆಸರಿನಲ್ಲೂ ಇತ್ತು.

ಬ್ಯಾಂಕು ಸಾಲದ ಹಣವನ್ನು ಒಮ್ಮೆಗೇ ಕೊಡುವುದಿಲ್ಲ. ಪಾಯ ಆದಾಗ ಇಷ್ಟು, ಸ್ಲ್ಯಾಬ್ ಬಿದ್ದಾಗ ಇಷ್ಟು, ಗೋಡೆಗೆ ಗಿಲಾವು ಆದಾಗ ಇಷ್ಟು ಎಂದು ನೇರವಾಗಿ ಬಿಲ್ಡರನಿಗೆ ಕೊಡುತ್ತದೆ. ಕೊನೆಯ ಭಾಗ ಬಿಡುವುದು ನೆಲ, ಬಾಗಿಲು, ನಲ್ಲಿ ಎಲ್ಲ ಮುಗಿದ ಮೇಲೆ. ಅದಕ್ಕೆ ಬ್ಯಾಂಕಿನ ಎಂಜಿನಿಯರ್ ಬಂದು ನೋಡಬೇಕು, ಮನೆಯವರಲ್ಲಿ ಒಬ್ಬರು ಕೆಲಸ ಮುಗಿದಿದೆ ಎಂದು ಸೈ ಮಾಡಬೇಕು.

ನಮ್ಮ ಅವಸರ ಬೇರೆಯೇ ಇತ್ತು. ಊರಿನ ಅಯ್ಯನವರು ಗೃಹಪ್ರವೇಶಕ್ಕೆ ದಿನ ನೋಡಿ ಹೇಳಿದ್ದರು. ಅದು ತಪ್ಪಿದರೆ ಆಷಾಢ ಹತ್ತುತ್ತದೆ, ಆಮೇಲೆ ಮಾಮಾನ ರಾಶಿಗೆ ಬಹಳ ದಿನ ಮುಹೂರ್ತವಿಲ್ಲ. ಕೆಲಸ ಮುಗಿದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು. "ಹಾಲು ಉಕ್ಕಿಸಾಕ ಒಂದು ಒಲಿ ಹೂಡುವಷ್ಟು ಜಾಗ ಸಾಕಲ್ಲೋ ತಮ್ಮಾ. ಉಳಿದದ್ದು ಹಿಂದಿಂದ ಮಾಡು," ಅಂದಳು. ನಮ್ಮವರೆಲ್ಲ ಹೀಗೇ ಮಾಡುತ್ತಾರೆ. ಕಿಟಕಿಗೆ ಗಾಜಿಲ್ಲದ, ಲಿಫ್ಟಿನ ಜಾಗದಲ್ಲಿ ಬರೀ ಹಳ್ಳವಿರುವ ಕಟ್ಟಡಗಳಲ್ಲಿ ಎಷ್ಟೋ ಮನೆಗಳ ಹಾಲು ಉಕ್ಕಿದ್ದನ್ನು ನಾನೇ ನೋಡಿದ್ದೇನೆ.

ಟೈಲ್ಸು ಮುಂದಿನ ದೊಡ್ಡ ಕೋಣೆಗೆ, ಅಂದರೆ ಹಾಲ್‌ಗೆ, ಆಗುವಷ್ಟೇ ಬಂದಿತ್ತು. ಸಿಮೆಂಟು ಇರಲಿಲ್ಲ. ಬಿಲ್ಡರನ ಸೂಪರ್‌ವೈಸರ್‌ನನ್ನು ಕೇಳಿದೆ. ಅವನು ನಕ್ಕ.

"ಪೂಜಾ ಹಾಲ್ ಮೇ ಹೈ ನಾ ಮೇಸ್ತ್ರಿ? ಹಾಲ್ ಬಿಛಾ ದೋ, ಬಸ್."

ಪೂಜೆ ಹಾಲ್‌ನಲ್ಲಿ ತಾನೆ, ಅಲ್ಲಷ್ಟೇ ಹಾಸಿಬಿಡು, ಸಾಕು ಎಂಬ ಮಾತು. ನಾನು ಮರಳು ಹರಡಿದೆ, ರಸಮಟ್ಟ ಇಟ್ಟು ಸಮ ಮಾಡಿದೆ, ದಾರ ಕಟ್ಟಿ ಒಂದೊಂದೇ ಟೈಲ್ಸನ್ನು ಒಣ ಮರಳಿನ ಮೇಲೆ ಇಟ್ಟೆ. ಸಂದಿಗಳಿಗೆ ಮಾತ್ರ ಎಲ್ಲಿಂದಲೋ ತಂದ ಬಿಳಿ ಸಿಮೆಂಟು ತುಂಬಿ ಒರೆಸಿದೆ. ಕೂರಿಸಿದ ನೆಲಕ್ಕೂ ಇಟ್ಟ ನೆಲಕ್ಕೂ ಕಣ್ಣಿಗೆ ಫರಕು ಕಾಣುವುದಿಲ್ಲ. ಪೂಜೆ ಮುಗಿದ ಮೇಲೆ ಕಿತ್ತು ಸರಿಯಾಗಿ ಕೂರಿಸುತ್ತೇನೆ ಎಂದುಕೊಂಡಿದ್ದೆ. ಅಲ್ಲಿಯವರೆಗೆ ನಾನು ತಪ್ಪು ಮಾಡಿದೆ ಎಂದು ನನಗನ್ನಿಸುವುದಿಲ್ಲ.

ಹಾಲು ಚೆನ್ನಾಗಿಯೇ ಉಕ್ಕಿತು. ಅಕ್ಕ ಅತ್ತಳು. ಪೂಜೆ ಮುಗಿಸಿ ಮಾಮಾ ಎರಡನೆಯ ಪಾಳಿಗೆಂದು ಜೀಡಿಮೆಟ್ಲಾಕ್ಕೆ ಓಡಿದರು. ಬಂದವರಿಗೆಲ್ಲ ಕೆಳಗೆ ಪಾರ್ಕಿಂಗಿನಲ್ಲಿ ಊಟ. ಅಕ್ಕ ಹೋಳಿಗೆ ಬಡಿಸಲು ಇಳಿದು ಹೋದಳು. ಮೇಲೆ ನಾನೊಬ್ಬನೇ ಇದ್ದೆ. ಆಗ ಸೂಪರ್‌ವೈಸರ್ ಬ್ಯಾಂಕಿನ ಎಂಜಿನಿಯರರನ್ನು ಕರೆದುಕೊಂಡು ಬಂದ. ಅವರು ಆ ದಿನವೇ ಬರುವವರಿದ್ದರೆಂದು ನನಗೆ ಗೊತ್ತಿರಲಿಲ್ಲ.

ಎಂಜಿನಿಯರರು ಒಳ್ಳೆಯ ಮನುಷ್ಯ. ಹೊಸ್ತಿಲಲ್ಲಿ ಅರಿಸಿನ ಕುಂಕುಮ, ಮೇಲೆ ಮಾವಿನ ತೋರಣ ನೋಡಿ ಬೂಟು ಬಿಚ್ಚಿ ಒಳಗೆ ಬಂದರು. ಹಾಲ್‌ನ ನೆಲದ ಫೋಟೋ ತೆಗೆದರು. ಒಳಗಿನ ಕೋಣೆಗಳ ಬಾಗಿಲನ್ನು ಸೂಪರ್‌ವೈಸರ್ ಮೊದಲೇ ಮುಚ್ಚಿಸಿದ್ದ. ಅವರು ಅತ್ತ ಕೈ ತೋರಿಸಿ, ಅಲ್ಲಿ ಆಗಿದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಸೂಪರ್‌ವೈಸರ್ ನನ್ನ ಮುಖ ನೋಡಿದ. ನನ್ನ ಬಾಯಿಂದ ಬಂದದ್ದು ಇದು:

"ಅಂದರ್ ಲೇಡೀಸ್ ಹೈ ಸಾಬ್. ಸಾಡಿ ಬದಲ್ ರಹೇ."

ಒಳಗೆ ಹೆಣ್ಣುಮಕ್ಕಳಿದ್ದಾರೆ, ಸೀರೆ ಬದಲಾಯಿಸುತ್ತಿದ್ದಾರೆ ಎಂದೆ. ಅವರು ನಾಚಿ ಎರಡು ಹೆಜ್ಜೆ ಹಿಂದೆ ಸರಿದರು, ನನಗೇ ಕ್ಷಮೆ ಕೇಳಿದರು. ಕೆಳಗೆ ಹೋಗಿ ಅಕ್ಕನ ಕೈಯ ಹೋಳಿಗೆ ತಿಂದು ಹೋದರು.

ಯಾಕೆ ಹಾಗೆಂದೆ? ಸೂಪರ್‌ವೈಸರ್ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನ ಕೂಲಿ ಬಾಕಿ ಇದ್ದದ್ದು ಹೌದು, ಬ್ಯಾಂಕಿನ ಹಣ ಬಂದರೆ ಮಾಲು ಬರುತ್ತದೆ ಎಂದು ಅವನು ಹೇಳುತ್ತಿದ್ದದ್ದೂ ಹೌದು. ಹೊರಗೆ ತೋರಣ ಕಟ್ಟಿ, ಇದು ಇನ್ನೂ ಮನೆಯಾಗಿಲ್ಲ ಎಂದು ಪರರೆದುರು ಹೇಳಲು ಬಾಯಿ ಬರಲಿಲ್ಲವೋ ಏನೋ. ಎಷ್ಟು ಯೋಚಿಸಿದರೂ ಒಂದು ಕಾರಣ ಸಿಗುವುದಿಲ್ಲ.

ಮುಂದಿನ ವಾರ ಮಾಮಾ ಫೋನ್ ಮಾಡಿದರು. ಸೂಪರ್‌ವೈಸರ್ ಕಾರ್ಖಾನೆಯ ಗೇಟಿಗೇ ಕಾಗದ ತಂದಿದ್ದಾನೆ ಎಂದರು.

"ಎಂಜಿನಿಯರ್ ನೋಡಿ ಹೋದನಂತ. ಒಳಗಿನ ಖೋಲಿ ಕೆಲಸ ಆಗೇತೇನೋ? ಸೈ ಮಾಡ್ಲಾ?"

"ಆದಂಗ ಐತ್ರಿ ಮಾಮಾ. ಮಾಡ್ರಿ."

ಆದಂಗ ಐತಿ. ಅಷ್ಟೇ ಅಂದದ್ದು. ಅವರು ಸೈ ಮಾಡಿದರು, ಹಣ ಬಿಲ್ಡರನಿಗೆ ಹೋಯಿತು, ಮಾಲು ಬರಲೇ ಇಲ್ಲ. ಮೊದಲು ಮರಗೆಲಸದವರು ಬರುವುದು ನಿಲ್ಲಿಸಿದರು, ಆಮೇಲೆ ವಾಚ್‌ಮನ್ ಹೋದ. ಸೂಪರ್‌ವೈಸರನ ಫೋನು ಹತ್ತದಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಏನೋ ಆಗಿ ಇಲ್ಲಿ ಕಂಪನಿಗಳು ಜನರನ್ನು ಬಿಡಿಸುತ್ತಿವೆ, ಫ್ಲ್ಯಾಟು ಕೇಳುವವರಿಲ್ಲ ಎಂಬ ಮಾತು ಹಬ್ಬಿತು. ನಾನು ಬೇರೆ ಸೈಟಿಗೆ ಹೋದೆ. ಅಕ್ಕನ ಮನೆಯಲ್ಲಿ ಬಾಡಿಗೆಯೂ ಹೋಗಬೇಕು, ಸಾಲದ ಕಂತೂ ಹೋಗಬೇಕು.

ಒಂದು ದಿನ ಅಕ್ಕ ಮಾಮಾನನ್ನು ಕೇಳಿದಳು, "ಕೆಲಸ ಆಗದ ಮನಿಗೆ ಸೈ ಯಾಕ ಒತ್ತಿದ್ರಿ? ಯಾರನ್ನರ ಒಂದು ಮಾತು ಕೇಳಿದ್ರೇನು?"

ಮಾಮಾ ನನ್ನ ಕಡೆ ನೋಡಲೂ ಇಲ್ಲ. "ಕೇಳಬೇಕಿತ್ತು," ಎಂದರು.

ನಾನು ಚಹಾ ಕುಡಿಯುತ್ತಿದ್ದದ್ದು ಆಗ.

ಮಾಮಾ ಬರಬರುತ್ತ ಕಾರ್ಖಾನೆಯ ಹತ್ತಿರ ಯಾರದೋ ರೂಮಿನಲ್ಲೇ ಉಳಿಯತೊಡಗಿದರು, ವಾರಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಬ್ಯಾಂಕಿಗೆ ಅಕ್ಕನ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಅಲ್ಲಿಯ ಸಾಲದ ಅಧಿಕಾರಿ ಒಬ್ಬ ತೆಲುಗು ಹೆಣ್ಣುಮಗಳು. ಹಿಂದೆ ರಾಯಚೂರಿನಲ್ಲಿ ಇದ್ದವರಾದ್ದರಿಂದ ಕನ್ನಡ ಬರುತ್ತಿತ್ತು. ಮಾರಿಬಿಡುತ್ತೇವೆ ಎಂದಳು ಅಕ್ಕ.

"ಗಿರಾಕಿ ಎಷ್ಟು ಕೊಡ್ತಾನಮ್ಮಾ?"

ಕೇಳಿದ್ದ ಒಬ್ಬನೇ ಗಿರಾಕಿ ಹದಿನಾಲ್ಕು ಲಕ್ಷ ಎಂದಿದ್ದ. ಸಾಲ ಇನ್ನೂ ಹತ್ತೊಂಬತ್ತರ ಮೇಲಿತ್ತು.

"ಅಂದ್ರೆ ನಿಮ್ಮ ಮನೆ ಬೆಲೆ ಸಾಲಕ್ಕಿಂತ ಕೆಳಗೆ ಹೋಗಿದೆ. ಮಾರಬಹುದು. ಆದರೆ ಕಡಿಮೆ ಬಿದ್ದದ್ದನ್ನು ನೀವು ಕೈಯಿಂದ ಕಟ್ಟಬೇಕು. ಕಟ್ಟದೆ ನಾವು ಮನೆ ಪತ್ರ ಬಿಡಲ್ಲ, ಪತ್ರ ಇಲ್ದೆ ಅವನು ಕೊಳ್ಳಲ್ಲ."

ನನಗೆ ಇದು ತಲೆಗೆ ಹತ್ತಲಿಲ್ಲ. ಆ ಮನೆಯ ಅಳತೆ ನನಗೆ ಬಾಯಿಪಾಠ. ಹಾಲ್ ಅಷ್ಟೇ ಉದ್ದ, ಅಷ್ಟೇ ಅಗಲ ಇದೆ. ಒಂದು ಇಂಚು ಕುಗ್ಗಿಲ್ಲ. ಅದರ ಮೇಲೆ ಕೊಟ್ಟ ಸಾಲಕ್ಕಿಂತ ಅದು ಸಣ್ಣದಾದದ್ದು ಹೇಗೆ? ಹೊರಗೆ ಬಂದು ಅಕ್ಕನನ್ನು ಕೇಳಿದೆ. "ನನ್ನ ಕೇಳಬ್ಯಾಡ. ನನಗ ರೊಟ್ಟಿ ಲೆಕ್ಕ ಅಷ್ಟ ಬರತೈತಿ," ಅಂದಳು.

ಮೆಹದಿಪಟ್ಟಣಂನಲ್ಲಿ ಇನ್ನೊಂದು ಬ್ಯಾಂಕಿನ ದೊಡ್ಡ ಬೋರ್ಡು ಇತ್ತು: ನಿಮ್ಮ ಸಾಲ ನಮ್ಮಲ್ಲಿಗೆ ತನ್ನಿ, ಬಡ್ಡಿ ಕಡಿಮೆ. ಸಾಲವನ್ನೇ ಅವರು ಹೊತ್ತುಕೊಂಡು ಹೋಗುತ್ತಾರೆ ಎಂದು ನಾನು ತಿಳಿದೆ. ಒಂದು ದಿನದ ಕೂಲಿ ಬಿಟ್ಟು, ಕಾಗದಗಳ ಝೆರಾಕ್ಸು ಮಾಡಿಸಿ, ಅಕ್ಕನನ್ನು ಕರೆದುಕೊಂಡು ಹೋದೆ. ಅವರು ಮನೆಯ ಬೆಲೆ ಕಟ್ಟುವವನನ್ನು ಮಣಿಕೊಂಡಕ್ಕೆ ಕಳಿಸಿದರು. ಅವನು ಹಾಲ್‌ನ ನಡುವೆ ನಿಂತು ಹಿಮ್ಮಡಿಯಿಂದ ಒಮ್ಮೆ ಒತ್ತಿದ. ಟೈಲ್ಸು ಅಲುಗಾಡಿತು, ಸಂದಿಯಿಂದ ಮರಳು ಎದ್ದಿತು.

"ಯೇ ಫ್ಲೋರಿಂಗ್ ಹೈ ಕ್ಯಾ? ಚಾದರ್ ಬಿಛಾಯೇ ಜೈಸಾ ಹೈ," ಎಂದು ನಕ್ಕ. ಜಮಖಾನೆ ಹಾಸಿದ ಹಾಗಿದೆ ಎಂದು.

ಅಕ್ಕ ನನ್ನ ಕಡೆ ತಿರುಗಿದಳು. "ಇದು ಪೂಜಾಕ್ಕ ಹಾಸಿದ್ದಲ್ಲೇನೋ? ಆಮ್ಯಾಲೆ ಕೂಡ್ರಿಸಲಿಲ್ಲೇನು?"

"ಸಿಮೆಂಟು ಬರಲಿಲ್ಲಕ್ಕಾ."

"ನೀನರ ಏನು ಮಾಡ್ತಿ. ಇಂಥಾ ನೆಲಾ ನೋಡಿನೂ ಸೈ ಒಗದ ನಮ್ಮ ಮನಿ ಪುಣ್ಯಾತ್ಮಗ ಅನ್ನಬೇಕು."

ಆಗಲೂ ನಾನು ಬಾಯಿ ಬಿಡಲಿಲ್ಲ. ಆ ಬ್ಯಾಂಕಿನವರು, ಇವತ್ತಿನ ಬೆಲೆಯಲ್ಲಿ ಒಂದು ಪಾಲನ್ನಷ್ಟೇ ಸಾಲ ಕೊಡುತ್ತೇವೆ, ಹಳೆಯ ಸಾಲದ ಉಳಿದದ್ದನ್ನು ನೀವೇ ತೀರಿಸಿ ಬನ್ನಿ ಎಂದರು. ಅಂದರೆ ಸುತ್ತಿ ಬಂದು ಅದೇ ಜಾಗದಲ್ಲಿ ನಿಂತೆವು.

ಅಷ್ಟರಲ್ಲಿ ಆ ಕಟ್ಟಡದ ಒಬ್ಬರು ಕೀಲಿ ಬ್ಯಾಂಕಿಗೆ ಕೊಟ್ಟು ಊರಿಗೆ ಹೋದರಂತೆ ಎಂದು ಅಕ್ಕ ಕೇಳಿಬಂದಳು. ಅವಳಿಗೆ ಅದೇ ಸರಿಯೆನಿಸಿತು. ಕೀಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮೊದಲಿನ ಬ್ಯಾಂಕಿನ ಅಧಿಕಾರಿಯ ಹತ್ತಿರ ಹೋದಳು.

"ತಗೋರಿ ಬಾಯಾರ. ನಮಗ ಮನಿನೂ ಬ್ಯಾಡ, ಸಾಲಾನೂ ಬ್ಯಾಡ."

ಅಧಿಕಾರಿ ಕೀಲಿಯನ್ನು ಮುಟ್ಟಲಿಲ್ಲ. "ಕೂತ್ಕೊಳ್ಳಿ. ಕೀಲಿ ಕೊಟ್ರೆ ಸಾಲ ಮುಗಿಯಲ್ಲಮ್ಮಾ. ನಾವು ಹರಾಜು ಹಾಕ್ತೀವಿ. ಹರಾಜಲ್ಲಿ ಇನ್ನೂ ಕಡಿಮೆ ಬರುತ್ತೆ. ಬಂದದ್ದು ಕಳೆದು ಉಳಿದದ್ದಕ್ಕೆ ನಿಮ್ಮಿಬ್ಬರ ಬೆನ್ನು ಹತ್ತುತ್ತೀವಿ. ಮನೆ ಹೋಗುತ್ತೆ, ಸಾಲ ಉಳಿಯುತ್ತೆ. ಬೇಕಾ?"

ಅಕ್ಕ ಕೀಲಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಅಧಿಕಾರಿ ಇನ್ನೊಂದು ದಾರಿ ಹೇಳಿದರು. ಸಾಲದ ಅವಧಿಯನ್ನು ಹೆಚ್ಚಿಸಬಹುದು, ಆಗ ತಿಂಗಳ ಕಂತು ಇಳಿಯುತ್ತದೆ. ಮೊದಲ ಕೆಲವು ತಿಂಗಳು ಬಡ್ಡಿಯಷ್ಟೇ ಕಟ್ಟಿದರೆ ಸಾಕು. ಆ ತಿಂಗಳುಗಳಲ್ಲಿ ಮನೆ ಮುಗಿಸಿ ಅಲ್ಲಿಗೆ ಹೋದರೆ ಬಾಡಿಗೆ ಉಳಿಯುತ್ತದೆ. ಬೆಲೆ ಮತ್ತೆ ಏರುವ ತನಕ ಮಾರದೆ ಇರುವುದು. "ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ, ಅದನ್ನ ನಾನು ಮುಚ್ಚಿಡಲ್ಲ," ಎಂದರು. ಅವಧಿ ಹೆಚ್ಚಿಸುವುದೆಂದರೆ ಒಂದಷ್ಟು ಬಿಟ್ಟುಬಿಡುತ್ತಾರೆ ಎಂದು ನಾನು ತಿಳಿದಿದ್ದೆ. ಅದನ್ನು ಕೇಳಿದಾಗ ಅವರು ಮೊದಲಿಂದ ಮತ್ತೊಮ್ಮೆ ಹೇಳಿದರು. ಅರ್ಧ ತಿಳಿಯಿತು. ಮನೆ ಮುಗಿಸುವ ಮಾತು ಮಾತ್ರ ಚೆನ್ನಾಗಿ ತಿಳಿಯಿತು. ಅದು ನನ್ನ ಕೈಯ ಕೆಲಸ.

"ಗಂಡ ಹೆಂಡತಿ ಇಬ್ಬರೂ ಸೈ ಮಾಡಬೇಕು," ಎಂದರು ಅಧಿಕಾರಿ.

"ನಾ ಮಾಡಂಗಿಲ್ಲ," ಎಂದಳು ಅಕ್ಕ. "ಅವರ ಸೈ ಹಿಂದ ನಂದು ಇನ್ನೊಮ್ಮೆ ಬೀಳಂಗಿಲ್ಲ. ಯಾವುದಕ್ಕ ಸೈ ಮಾಡ್ತಾರ ಅಂತ ಅವರಿಗೇ ಗೊತ್ತಿರಂಗಿಲ್ಲ. ಹರಾಜು ಆಗಲಿ."

ಎಷ್ಟು ಹೇಳಿದರೂ ಕೇಳಲಿಲ್ಲ. ತಿಂಗಳ ಕೊನೆಯೊಳಗೆ ಹೇಳಿ, ಆಮೇಲೆ ಕಾಗದ ನನ್ನ ಕೈಯಲ್ಲಿರುವುದಿಲ್ಲ ಎಂದು ಅಧಿಕಾರಿ ಎಚ್ಚರಿಸಿದರು. ಅಕ್ಕ ಬಸ್ಸಿನಲ್ಲಿ ನನಗೆ ಹೇಳಿದಳು, "ಜೀಡಿಮೆಟ್ಲಾಕ್ಕ ಹೋಗು. ಹರಾಜಿಗೆ ಬಿಡೋದು ಅಂತ ಹೇಳಿ ಬಾ. ನಾ ಅವರ ಕೂಡ ಮಾತಾಡಂಗಿಲ್ಲ."

ಮಾಮಾ ಪಾಳಿ ಮುಗಿಸಿ ಗೇಟಿನ ಎದುರಿನ ಹೋಟೆಲಿಗೆ ಬಂದರು. ಆ ಕಡೆಯ ಗಾಳಿಗೆ ಔಷಧದ ಘಾಟು, ಅವರ ಅಂಗಿಗೂ ಅದೇ ಘಾಟು. ನಾನು ಅಕ್ಕನ ಮಾತು ಒಪ್ಪಿಸಿದೆ. ಚಹಾದ ಬಸಿಯನ್ನು ತಿರುಗಿಸುತ್ತ ಕೇಳಿದರು.

"ಬ್ಯಾರೆ ದಾರಿ ಏನೂ ಹೇಳಲಿಲ್ಲೇನು ಬ್ಯಾಂಕಿನಾಕಿ?"

ಹೇಳಿದೆ. ಅಕ್ಕ ಸೈ ಮಾಡುವುದಿಲ್ಲ ಎಂದೂ ಹೇಳಿದೆ.

"ಮಾಡಂಗಿಲ್ಲ ಬಿಡು. ಆಕಿ ತಪ್ಪಲ್ಲ," ಎಂದರು.

ತಡೆಯಲಾಗಲಿಲ್ಲ. "ಆವತ್ತು ನನಗ ಫೋನ್ ಮಾಡಿ ಕೇಳಿದ್ದು ಅಕ್ಕಗ ಯಾಕ ಹೇಳಲಿಲ್ರಿ ಮಾಮಾ?"

"ಹೇಳಿ? ನನ್ನ ಬಿಟ್ಟು ನಿನ್ನ ಬೈತಾಳ. ಈ ಊರಾಗ ಆಕಿಗೆ ತವರುಮನಿ ಅಂದ್ರ ನೀನೊಬ್ಬಾಂವ." ಚಹಾದ ದುಡ್ಡು ಅವರೇ ಎತ್ತಿಟ್ಟರು. "ನಿನಗರ ಏನು ಗೊತ್ತಿತ್ತು? ಆ ಸೂಪರ್‌ವೈಸರ್ ನಿನಗೂ ಟೋಪಿ ಹಾಕಿದ."

ಅವರು ನಿಜಕ್ಕೂ ಹಾಗೆ ನಂಬಿದ್ದರು. ಬಸ್ಸಿನಲ್ಲಿ ಬರುವಾಗ ನಾನೂ ಸ್ವಲ್ಪ ಹೊತ್ತು ಅದನ್ನೇ ನಂಬಲು ನೋಡಿದೆ. ಮಾಲು ಬರುತ್ತದೆ ಎಂದು ನಾನೂ ನಂಬಿದ್ದೆನಲ್ಲ? ಹಾಗಾದರೆ ಫೋನಿನಲ್ಲಿ ಅಂದದ್ದು ಸುಳ್ಳೋ, ನಂಬಿಕೆಯೋ? ಒಂದು ಸ್ಟಾಪಿಗೆ ಹೀಗೆ, ಇನ್ನೊಂದು ಸ್ಟಾಪಿಗೆ ಹಾಗೆ ಅನಿಸುತ್ತಿತ್ತು. ಆದರೆ ಕೋಣೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಅದರಲ್ಲಿ ನನಗೆ ಯಾರೂ ಟೋಪಿ ಹಾಕಿರಲಿಲ್ಲ. ಮೆಹದಿಪಟ್ಟಣಂನಲ್ಲಿ ಇಳಿದಾಗ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ಏನಂದ್ರು?" ಎಂದಳು. ನಾನು ಅದಕ್ಕೆ ಉತ್ತರ ಕೊಡದೆ, ಪೂಜೆಯ ದಿನದಿಂದ ಶುರುಮಾಡಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಎಂಜಿನಿಯರರ ಮಾತು ಬಂದಾಗ ಒಮ್ಮೆ ನಿಂತಿತು.

"ಹೆಣ್ಣಮಕ್ಕಳು ಅದಾರ ಅಂದ್ಯಾ? ಯಾವ ಹೆಣ್ಣಮಕ್ಕಳೋ? ಎಲ್ಲಾರೂ ಕೆಳಗ ನನ್ನ ಕೂಡ ಇದ್ದೆವು."

"ಯಾರೂ ಇದ್ದಿದ್ದಿಲ್ಲಕ್ಕಾ."

ಫೋನಿನ ಮಾತನ್ನೂ ಹೇಳಿದೆ. ಮಾಮಾ ಕೇಳಿಯೇ ಸೈ ಮಾಡಿದ್ದರು, ನನ್ನನ್ನೇ ಕೇಳಿದ್ದರು ಎಂದೆ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅದನ್ನು ಅವಳು ತೆಗೆಯಲಿಲ್ಲ.

"ರಜಾಕ್ಕ ಬಂದಾಗೆಲ್ಲಾ ಅವರಿಗೆ ತಣ್ಣನ್ನ ರೊಟ್ಟಿ ಹಾಕೀನೋ," ಎಂದಳು. "ಉಳಿದಾವು, ಮುರಿದಾವು, ಗಿರಾಕಿ ಬ್ಯಾಡ ಅಂದಾವು. ಅವರು ಒಂದು ಮಾತು ಆಡದ ತಿಂದು ಏಳತಿದ್ರು. ಬಿಸೀವು ನಿನ್ನ ತಾಟಿಗೆ ಹಾಕತಿದ್ದೆ. ನಿನ್ನ ತಾಟಿಗೆ!"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಹಿಟ್ಟಿನ ಕೈ ಎತ್ತಿ ತಡೆದಳು.

"ನನ್ನ ಮುಂದ ಬ್ಯಾಡ. ಬೈಸಿಕೊಂಡವರು ಅವರು, ನಾ ಅಲ್ಲ."

ತಿಂಗಳ ಕೊನೆಯಲ್ಲಿ ಮೂವರೂ ಬ್ಯಾಂಕಿನಲ್ಲಿ ಕೂತಿದ್ದೆವು. ಅಕ್ಕ ಹರಾಜಿನ ಕಾಗದಕ್ಕೆ ಕರೆಸಿದ್ದಾಳೆ ಎಂದುಕೊಂಡ ಮಾಮಾ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಅಧಿಕಾರಿ ಅವಧಿ ಹೆಚ್ಚಿಸುವ ಕಾಗದ ಮುಂದಿಟ್ಟು ಒಂದೊಂದೇ ಓದಿ ಹೇಳಿದರು: ಇಷ್ಟು ತಿಂಗಳು ಬಡ್ಡಿ ಮಾತ್ರ, ಆಮೇಲೆ ಹೊಸ ಕಂತು, ಅಷ್ಟರೊಳಗೆ ಮನೆ ಮುಗಿಸಿದ್ದನ್ನು ತೋರಿಸಬೇಕು. ಮಾಮಾ ನಂಬದೆ ಅಕ್ಕನ ಮುಖ ನೋಡಿದರು. ಅವಳು ಹೂಂ ಎಂದು ಗೋಣು ಹಾಕಿದಳು. ಅವರು ಸೈ ಮಾಡಿ ಪೆನ್ನನ್ನು ಅವಳ ಕಡೆ ಸರಿಸಿದರು.

ಅಕ್ಕ ಪೆನ್ನು ಎತ್ತಲಿಲ್ಲ.

"ಒಂದು ನಿಮಿಷ ತಡೀರಿ ಬಾಯಾರ," ಎಂದಳು. "ಮೊದಲ ಇಂವ ಏನೋ ಹೇಳಾಂವ ಇದ್ದಾನ. ಅವರು ಕೇಳಲಿ. ಆಮ್ಯಾಲೆ ಮಾಡ್ತೀನಿ."

ಅಧಿಕಾರಿಗೆ ಅರ್ಥವಾಗಲಿಲ್ಲ. ಆದರೂ ಕೈ ಕಟ್ಟಿ ಕೂತರು. ಹಿಂದೆ ಸರತಿಯಲ್ಲಿ ನಿಂತವರು ಕುತ್ತಿಗೆ ಚಾಚಿದರು. "ಏನೋ ಅದು?" ಎಂದರು ಮಾಮಾ. ಮನೆಯಲ್ಲಿ ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಎದ್ದು ನಿಂತೆ. ನಾನು ಹೇಳಿದ್ದು ಇಷ್ಟು:

"ಮಾಮಾ, ನನಗ ಯಾರೂ ಟೋಪಿ ಹಾಕಿದ್ದಿಲ್ರಿ. ಒಳಗಿನ ಖೋಲಿ ಆಗಿಲ್ಲಂತ ನನಗ ಗೊತ್ತಿತ್ತು. ಗೊತ್ತಿದ್ದೂ ಎಂಜಿನಿಯರ್‌ಗ ಸುಳ್ಳು ಹೇಳಿದೆ, ನಿಮಗೂ ಸೈ ಮಾಡ್ರಿ ಅಂದೆ. ಅಕ್ಕ ನಿಮ್ಮನ್ನ ಬೈವಾಗ ಬಾಜೂಕ ಕೂತು ಕೇಳಿದೆ. ನೀವು ನನ್ನ ಹೆಸರು ತೆಗೀಲಿಲ್ಲ. ನಾನೂ ತೆಗೀಲಿಲ್ಲ. ತಪ್ಪು ನಂದ್ರಿ ಮಾಮಾ. ತಪ್ಪಾತ್ರಿ, ಕ್ಷಮಾ ಮಾಡ್ರಿ."